ಬೂಸಲು ಯಾರದು

ಮೂವತ್ತು ಸಾವಿರ ಡಿಪಾಜಿಟ್ಟಿನಲ್ಲಿ
ಎಂಟು ಹಿಡಿದುಕೊಂಡರು ಇನಾಸ ಮಾಮ.
ಬಣ್ಣ ಬಳಿಸಬೇಕಂತೆ.
ಮಂಚ ಸರಿಸಿದ ಜಾಗಕ್ಕೆ ಬೆರಳು ತೋರಿಸಿ
"ಇದೆಂತದು?" ಅಂದರು.

ಬೂಸಲು, ಅಂದೆ.

"ಬೂಸಲೇ. ಯಾರದು ಅಂತ ಕೇಳಿದ್ದು."

ಗೋಡೆ ನಿಮ್ಮದು ಮಾಮ.
ಬೈತಖೋಲದ ಗುಡ್ಡಕ್ಕೆ ಬೆನ್ನು ಕೊಟ್ಟು ಕಟ್ಟಿದವರು ನೀವು,
ಇದ್ದೊಂದು ಕಿಟಕಿಯನ್ನು ಪಡುವಣಕ್ಕೆ ಇಟ್ಟವರು,
ಮಳೆಯನ್ನು ಒಳಗೆ ಕರೆದ ಹಾಗೆ.
ಜೂನ್ ಹಿಡಿದರೆ ಗುಡ್ಡದ ನೀರು
ಗೋಡೆಯೊಳಗೇ ಇಳಿಯುತ್ತದೆ,
ಕಿವಿಯಿಟ್ಟು ಕೇಳಿ ಬೇಕಾದರೆ.

ಅವರು ಕಿವಿಯಿಡಲಿಲ್ಲ.
"ನಿಮಗಿಂತ ಮೊದಲಿದ್ದವ ಬಂದರಿನ ಗುಮಾಸ್ತ, ಒಬ್ಬನೇ.
ಊಟ ಖಾನಾವಳಿಯಲ್ಲಿ, ಬಟ್ಟೆ ಲಾಂಡ್ರಿಗೆ.
ಗೋಡೆ ಹಾಲಿನ ಹಾಗಿತ್ತು.
ನೀವು ಮೂವರು.
ಹಗ್ಗ ಕಟ್ಟಿ ಒಳಗೇ ಒಣಗಿಸುತ್ತೀರಿ,
ಕುಚಲಕ್ಕಿ ಒಂದು ತಾಸು ಕುದಿಸುತ್ತೀರಿ,
ರಾತ್ರಿಯಿಡೀ ಉಸಿರಾಡುತ್ತೀರಿ."

ಚಿಲ್ಲರೆ ಜಗಳ ನನಗೆ ಹೊಸದಲ್ಲ.
ಹದಿಮೂರು ವರ್ಷದಿಂದ ಕಂಡಕ್ಟರ್,
ಟಿಕೆಟ್ ತೆಗೆಯದವರನ್ನು ಕುತ್ತಿಗೆ ನೋಡಿಯೇ ಹಿಡಿದೇನು.
ಆದರೆ ಉಸಿರಾಟಕ್ಕೆ ಎಷ್ಟು ಹಣ ಅಂತ
ಯಾರೂ ಕೇಳಿದ್ದಿಲ್ಲ.
ಬಾಯಿ ಕಟ್ಟಿತು. ಲೆಕ್ಕ ಹಾಕುತ್ತಾ ನಿಂತೆ.

ನನ್ನ ಖಾಕಿ ಎರಡೇ ಜೊತೆ.
ಅಂಕೋಲೆಯ ಕಡೇ ಟ್ರಿಪ್ಪು ಮುಗಿಸಿ ತೊಳೆದದ್ದು
ಬೆಳಗಿನ ಐದಕ್ಕೆ ಹಸಿ.
ಇಸ್ತ್ರಿ ಹಾಯಿಸಿದರೆ ಭುಸ್ಸೆಂದು ಏಳುವ ಹಬೆ
ಎಲ್ಲಿಗೆ ಹೋಯಿತೆಂದು ನಾನು ಯಾವತ್ತು ನೋಡಿದ್ದು?
ದೋಣಿ ಬಂದಾದ ಎರಡು ತಿಂಗಳು
ಸೋಯ್ರು ಮನೆಯಲ್ಲೇ, ಮಡಿಲಲ್ಲಿ ಹಸಿ ಬಲೆ, ಬಾಯಲ್ಲಿ ನೂಲು.
ಪ್ರಣಾಲಿ ಒಂಬತ್ತನೆಯ ಇಯತ್ತೆ,
ಗೋಡೆಗೆ ಮುಖ ಮಾಡಿ ಗಟ್ಟಿಯಾಗಿ ಓದಿದರೇ
ಅವಳ ತಲೆಗೆ ಹೋಗುವುದು.

ಮಾಡದೆ ಬಿಟ್ಟದ್ದು ಏನೂ ಇಲ್ಲ.
ವಿನೆಗರ್ ಒರೆಸಿ ವಾರಗಟ್ಟಲೆ ಉಪ್ಪಿನಕಾಯಿಯೊಳಗೆ ಮಲಗಿದೆವು.
ಕಪಾಟಿನಲ್ಲಿ ಹಗಲೂ ರಾತ್ರಿ ನಲವತ್ತರ ಬಲ್ಬು,
ಸೀರೆಗಳಿಗೆ ಮಾತ್ರ ಬೇಸಿಗೆ.
ನನ್ನ ಚರ್ಮದ ಚೀಲಕ್ಕೋ
ಎರಡು ದಿನ ರಜೆ ಹಾಕಿದರೆ ಸಾಕು, ಹಸಿರು ಮೀಸೆ.
ತೆಂಗಿನೆಣ್ಣೆ ತಿಕ್ಕಿ ಡ್ಯೂಟಿಗೆ ಹೋದರೆ
ಮೀನಿನ ಬುಟ್ಟಿಯವಳೊಬ್ಬಳು ಮೂಗು ಮುಚ್ಚಿ
"ಬಾಯೀ, ನಿನ್ನ ಚಿಲ್ಲರೆ ನಾತ" ಅಂದಳು.
ಅವಳು!

ಮತ್ತೆ ಗೋಡೆ ನೋಡಿದೆ.
ಇನಾಸ ಮಾಮನಿಗೆ ಕಂಡದ್ದು ಒಂದು ಕಲೆ.
ನನಗೆ ಮೂರು.
ಮಂಚದ ತಲೆಯ ಕಡೆ, ಮೂರು ದಿಂಬಿನ ಎತ್ತರದಲ್ಲಿ
ಮೂರು ಕಪ್ಪು ಸುತ್ತು.
ದೊಡ್ಡದು ಸೋಯ್ರುವಿನದು, ಅವನ ಗೊರಕೆಯಷ್ಟೇ ಒರಟು.
ನಡುವಿನದು ಸಣ್ಣದು, ಇನ್ನೂ ಬೂದಿ ಬಣ್ಣ.
ಬಾಗಿಲ ಕಡೆಯದು ನನ್ನದು,
ಅದರ ಅಂಚು ಪೂರ್ತಿ ಸೇರಿರಲಿಲ್ಲ,
ಬೇಗ ಎದ್ದು ಹೋಗುವವಳದು.

ನಮ್ಮದೇ ಮಾಮ, ಅಂದೆ.

ಗೆದ್ದ ಖುಷಿ ಅವರ ಮುಖದಲ್ಲಿ ಕಾಣಲಿಲ್ಲ.
ಉಗುರಿನಿಂದ ಚೂರು ಕೆರೆದರು, ಮೂಸಿದರು,
ಲುಂಗಿಗೆ ಒರೆಸಿಕೊಂಡರು.
ಆಮೇಲೆ ದನಿ ತಗ್ಗಿಸಿ:
"ನಮ್ಮಲ್ಲೂ ಉಂಟು. ಅಲ್ತಾರಿನ ಹಿಂದೆ.
ಸಂತಾನಳಿಗೆ ಗೊತ್ತಿಲ್ಲ, ಗೊತ್ತಾದರೆ ಅಳುತ್ತಾಳೆ.
ಬ್ಲೀಚಿಂಗ್ ಪೌಡರ್ ಎಷ್ಟು ಹಾಕುವುದು?"

ಒಂದು ಬಕೆಟ್ಟಿಗೆ ಎರಡು ಮುಷ್ಟಿ.
ಬರಿಗೈಯಲ್ಲಿ ಬೇಡ.
ವಿನೆಗರ್ ಜೊತೆ ಕೂಡಿಸಲೇಬೇಡಿ, ಎದೆ ಹಿಡಿಯುತ್ತದೆ.
ಮೂಗಿಗೆ ಬಟ್ಟೆ, ಬಾಗಿಲು ತೆಗೆದಿಡಿ.
ಅಲ್ತಾರನ್ನು ಗೋಡೆಯಿಂದ ಒಂದು ಗೇಣು ಮುಂದೆ ತನ್ನಿ,
ದೇವರಿಗೂ ಬೆನ್ನ ಹಿಂದೆ ಗಾಳಿ ಬೇಕು.

ತಲೆಯಾಡಿಸಿದರು.
ಎಂಟು ಸಾವಿರದ ಮಾತು ಮತ್ತೆ ಇಬ್ಬರೂ ಎತ್ತಲಿಲ್ಲ.

ಹೊರಗೆ ಟೆಂಪೋದವ ಹಾರ್ನ್ ಹೊಡೆಯುತ್ತಿದ್ದ.
ಇಪ್ಪತ್ತೆರಡನ್ನು ನಿಂತಲ್ಲೇ ಎಣಿಸಿದೆ,
ಒಂದು ಕಡಿಮೆ ಬಂತು.
ಮತ್ತೆ ಎಣಿಸಿದೆ, ಬೆರಳಿಗೆ ಎಂಜಲು ಹಚ್ಚದೆ.
ಸರಿಯಿತ್ತು.
ಎರಡು ನೋಟು ಒಂದಕ್ಕೊಂದು ಅಂಟಿದ್ದವು.