ಹತ್ತು ತೆತ್ರಿಯ ಲಿಫ್ಟು

ತ್ಬಿಲಿಸಿಯ ಈ ತುದಿಯಲ್ಲಿ, ಗ್ಲದಾನಿಯಲ್ಲಿ,
ನಮ್ಮ ಕಟ್ಟಡದ ಲಿಫ್ಟಿಗೆ ಹಸಿವು ಜಾಸ್ತಿ.
ಹತ್ತು ತೆತ್ರಿಯ ನಾಣ್ಯ ನುಂಗದೆ ಮೇಲೇರುವುದಿಲ್ಲ.
ಇಳಿಯುವುದು ಮಾತ್ರ ಪುಕ್ಕಟೆ.
“ನೋಡು ಜುಂಬೇರ್, ಗುರುತ್ವಾಕರ್ಷಣೆಗೆ ಬಾಡಿಗೆಯಿಲ್ಲ”
ಅನ್ನುತ್ತಾಳೆ ಲಮಾರಾ,
ಮೂವತ್ತೆಂಟು ವರ್ಷ ಭೌತಶಾಸ್ತ್ರ ಪಾಠ ಹೇಳಿದವಳು.
ಪ್ರತಿ ಮಂಗಳವಾರ ಇದೇ ಜೋಕು.
ವಿಜ್ಞಾನದ ಮೇಲೆ ನನ್ನ ಮೊದಲ ತಕರಾರೇ ಇದು:
ಒಮ್ಮೆ ರುಜುವಾತಾದದ್ದನ್ನು
ಎಷ್ಟು ಸಲ ಹೇಳಿದರೂ ಇವರಿಗೆ ಬೇಸರವಿಲ್ಲ.

ಈವತ್ತು ನಾಣ್ಯ ನುಂಗಿತು, ತೇಗಿತು,
ಆರು ಏಳರ ನಡುವೆ ನಿಂತುಬಿಟ್ಟಿತು.
ಒಳಗೆ ನಾನು, ಲಮಾರಾ,
ಒಂಬತ್ತನೆಯ ಮಹಡಿಯ ಹುಡುಗ ತೊರ್ನಿಕೆ,
ಅವನ ಕಂಕುಳಲ್ಲಿ ದೋಣಿಯಂಥ ಬಿಸಿ ರೊಟ್ಟಿ.
ಗಂಟೆ ಒತ್ತಿದೆವು. “ಬರ್ತಾನೆ, ಬರ್ತಾನೆ” ಎಂದಿತು ಹೆಣ್ಣುದನಿ.
ಯಾರು, ಯಾವಾಗ, ಹೇಳಲಿಲ್ಲ.

ಕಾಯುವವರಿಗೆ ಅಭಿಪ್ರಾಯಗಳು ಬೆವರಿನ ಹಾಗೆ, ತಾವೇ ಬರುತ್ತವೆ.
ಭಾನುವಾರ ಬೆಳಿಗ್ಗೆ ಗೋಡೆ ಕೊರೆಯುವವನ ಬಗ್ಗೆ ಬಂತು,
ಎಷ್ಟು ಉಜ್ಜಿದರೂ ಬಾಯಿ ಬಿಡದ ಪ್ಲಾಸ್ಟಿಕ್ ಚೀಲದ ಬಗ್ಗೆ,
ಸಿನಿಮಾದಲ್ಲಿ ಹಿಂದಿನ ಸಾಲಿನಲ್ಲಿ ಕೂತು
ಕೊಲೆಗಾರ ಯಾರೆಂದು ಹೆಂಡತಿಯ ಕಿವಿಯಲ್ಲಿ,
ಅಂದರೆ ನನ್ನ ಕಿವಿಯಲ್ಲಿ, ಹೇಳುವವನ ಬಗ್ಗೆ.

“ಸಿನಿಮಾ ಎಂದರೆ ಸುಳ್ಳು,” ಲಮಾರಾ ಹೇಳಿದಳು.
“ಅಂತರಿಕ್ಷದಲ್ಲಿ ಗಾಳಿಯೇ ಇಲ್ಲ,
ಇವರ ನೌಕೆ ಧಡಾರನೆ ಸಿಡಿಯುತ್ತದೆ.”
ಸದ್ದಿಲ್ಲದ ಸಿಡಿತಕ್ಕೆ ಟಿಕೇಟು ಯಾರು ಕೊಳ್ಳುತ್ತಾರೆ, ತಾಯಿ?
ನಾನು ಕ್ಯಾಸೆಟ್ಟಿನ ಕಾಲದವನು,
ಪರದೇಶದ ಚಿತ್ರಗಳಿಗೆಲ್ಲ ನನ್ನದೊಂದೇ ದನಿ:
ನಾಯಕ, ನಾಯಕಿ, ಪೊಲೀಸು, ಅತ್ತೆ,
ನಾಯಿಯೊಂದನ್ನು ಬಿಟ್ಟು ಎಲ್ಲರಿಗೂ ನಾನೇ.
ನನ್ನ ಮೂಗು ಕಟ್ಟಿದ ದಿನ
ಮುಳುಗುವ ಹಡಗಿನ ಅಷ್ಟೂ ಜನಕ್ಕೆ ನೆಗಡಿ.

“ನಾನು ಎಲ್ಲವನ್ನೂ ಒಂದೂವರೆ ಪಟ್ಟು ವೇಗದಲ್ಲಿ ನೋಡ್ತೀನಿ”
ಎಂದ ಹುಡುಗ, ರೊಟ್ಟಿಯ ಮೂಗು ಮುರಿದು ಬಾಯಿಗಿಡುತ್ತ.
ನನಗೆ ರೇಗಿತು. ಅಳುವವರೂ ಬೇಗ ಬೇಗ ಅಳಬೇಕೇನಯ್ಯ?
“ಅಳೋದನ್ನ ಹಾರಿಸಿಬಿಡ್ತೀನಿ” ಎಂದ.

ಆಗ ದೀಪ ಹೋಯಿತು.
ಕತ್ತಲಲ್ಲಿ ಮೂವರ ಉಸಿರು, ರೊಟ್ಟಿಯ ವಾಸನೆ.
ಲಮಾರಾ ಬಹಳ ಹೊತ್ತು ಮಾತಾಡಲಿಲ್ಲ.
ಆಮೇಲೆ, ಯಾರಿಗೋ ಹೇಳುವಂತೆ:
“ಆ ಚಳಿಗಾಲ, ಕರೆಂಟಿಲ್ಲ, ಸೀಮೆಎಣ್ಣೆಯೂ ಮುಗಿದಿತ್ತು,
ಗೋಡೆಯಾಚೆ ಒಬ್ಬ ಗಂಡಸು
‘ನಿನ್ನ ಬಿಟ್ಟು ಬದುಕಲಾರೆ’ ಅನ್ನುತ್ತಿದ್ದ,
ಅವನೇ ‘ಹೋಗು, ಮುಖ ತೋರಿಸಬೇಡ’ ಅನ್ನುತ್ತಿದ್ದ.
ಪಾಪ, ಚಳಿಗೆ ತಲೆ ಕೆಟ್ಟಿದೆ ಅಂದುಕೊಂಡೆ.”

ಕಾರಿನ ಬ್ಯಾಟರಿಗೆ ತಂತಿ ಸಿಕ್ಕಿಸಿ,
ರಜಾಯಿ ಹೊದ್ದು ಓದುತ್ತಿದ್ದೆ ನಾನು,
ಬೀದಿಯ ಸದ್ದು ಟೇಪಿಗೆ ಬೀಳದಿರಲೆಂದು.
ನನ್ನ ಸದ್ದು ಎಲ್ಲಿ ಬೀಳುತ್ತಿದೆಯೆಂದು ಯೋಚಿಸಿರಲಿಲ್ಲ.
“ದಿನಾ ಕೇಳಿದಿರಾ?” ಎಂದೆ.
“ಗಾಳಿಗಿಂತ ಗೋಡೆಯಲ್ಲಿ ಸದ್ದಿನ ವೇಗ ಹೆಚ್ಚು,”
ಎಂದಳು, ಮೇಷ್ಟ್ರ ದನಿಯಲ್ಲಿ,
“ನನ್ನದೇನೂ ತಪ್ಪಿಲ್ಲ.”

ಮಮೂಕಾ ಬಂದ, ಎಲ್ಲೋ ಮೇಲೆ ಏನನ್ನೋ ಒದ್ದ.
ಲಿಫ್ಟು ದೀಪ ಹೊತ್ತಿಸಿಕೊಂಡು, ಗಂಭೀರವಾಗಿ,
ನಮ್ಮನ್ನು ತಳಮನೆಗೆ ಇಳಿಸಿತು. ಪುಕ್ಕಟೆ.
ಯಾರ ಬಳಿಯೂ ಇನ್ನೊಂದು ನಾಣ್ಯವಿರಲಿಲ್ಲ.

ಮೆಟ್ಟಿಲು ಹತ್ತಿದೆವು. ರೊಟ್ಟಿ ಅರ್ಧವಾಯಿತು.
ನಾಲ್ಕನೆಯ ಮಹಡಿಯಲ್ಲಿ ಲಮಾರಾ
ಕಂಬಿ ಹಿಡಿದು, ಏದುಸಿರಿನ ನಡುವೆ ಕೇಳಿದಳು:
“ನಾಯಿಯನ್ನು ಮಾತ್ರ ಯಾಕೆ ಬಿಟ್ಟೆ?”
ಉತ್ತರ ಹೊಳೆಯಲಿಲ್ಲ. ಒಂದು ಸಲ ಬೊಗಳಿದೆ.
ಮೇಲೆ ಯಾವುದೋ ಮನೆಯೊಳಗಿಂದ
ನಿಜವಾದದ್ದೊಂದು ಮರುಬೊಗಳಿತು,
ಹುಡುಗ, ಏನನ್ನೂ ಹಾರಿಸದೆ,
ಕೊನೆಯವರೆಗೂ ನಿಂತು ಕೇಳಿದ.