ಮೂವತ್ತೊಂದರವರೆಗೆ

ವಿರಾಜಪೇಟೆ ಪುರಸಭೆಯ ಮಾಡಿನ ಮೇಲೆ
ಬೆಳಿಗ್ಗೆಯಿಂದ ಒಂದು ಕೋತಿ ಕುಳಿತಿದೆ.
ಒಳಗೆ ಕೋರಂಗೆ ಇನ್ನಿಬ್ಬರು ಬೇಕು.

ನಾನು ನಡಾವಳಿ ಬರೆಯುವವಳು.
ಹನ್ನೊಂದು ವರ್ಷದಿಂದ ಇವರ ಮಾತನ್ನೆಲ್ಲ
ಎರಡೆರಡು ಸಾಲಿಗೆ ಇಳಿಸಿದ್ದೇನೆ:
ಮೇಜು ಗುದ್ದಿದ್ದನ್ನು ‘ಚರ್ಚಿಸಲಾಯಿತು’ ಎಂದು,
ಯಾರಿಗೂ ಬೇಡವಾದದ್ದನ್ನು
‘ಮುಂದಿನ ಸಭೆಗೆ ಇಡಲು ತೀರ್ಮಾನಿಸಲಾಯಿತು’ ಎಂದು.
ನಗುವಿಗೆ ಈ ಪುಸ್ತಕದಲ್ಲಿ ಪದವಿಲ್ಲ.

ಕಳೆದ ವರ್ಷ, ಕಾಫಿ ಹೂ ಬಿಟ್ಟ ವಾರ,
ವಿಷಯ ಸಂಖ್ಯೆ ಹದಿನಾಲ್ಕು:
ಕಮ್ಮಾರ ಓಣಿಯ ಮೆಟ್ಟಿಲಿಗೆ ಕಬ್ಬಿಣದ ಕೈಕಂಬಿ.
ಮಂಡಿಸಿದವರು ಸುಹರಾ. ಮೊದಲ ಸಲದ ಸದಸ್ಯೆ.
ಕಾಗದ ನೋಡಿ ಓದುವಾಗ
ಬೆರಳು ಅಕ್ಷರಕ್ಕಿಂತ ಮುಂದೆ ಓಡುತ್ತಿತ್ತು.
“ಮಳೆಗಾಲದಲ್ಲಿ ಅಲ್ಲಿ ಪಾಚಿ ಅಂದರೆ
ಎಣ್ಣೆ ಸುರಿದ ಹಾಗೆ ಸಾರ್. ಹೋದ ಕಕ್ಕಡದಲ್ಲಿ
ಸೆರಫಿನಾ ಬಾಯಿ ಬಿದ್ದು ಸೊಂಟ ಮುರಿದುಕೊಂಡರು.
ನಾನು ಮಾತು ಕೊಟ್ಟಿದ್ದೇನೆ.”
ಅನುಮೋದಿಸಿದವರು ಪಳಂಗಪ್ಪ. ಬೇರೆ ಪಕ್ಷ.
ಅವರ ಸೊಂಟವೂ ಅಷ್ಟಕ್ಕಷ್ಟೇ.

ಎಲ್ಲಿಯವರೆಗೆ, ಎಂದು ಮುಖ್ಯಾಧಿಕಾರಿ ಕೇಳುವಾಗ
ಚಹಾ ಬಂತು.
ಲೋಟಗಳ ಸದ್ದಿನಲ್ಲಿ ಸುಹರಾ ಏನೋ ಅಂದರು.
ಮೂವತ್ತೇಳನೇ ಮನೆ.
ಅಥವಾ ಮೂವತ್ತೊಂದು.
ನಾನು ಮೂವತ್ತೊಂದು ಬರೆದೆ.

ಮುಂದಿನ ತಿಂಗಳು ಅದನ್ನು
‘ಓದಿ ಸ್ಥಿರೀಕರಿಸಲಾಯಿತು’.
ಯಾರೂ ಓದಲಿಲ್ಲ. ಓದಿದರೆಂದು ಬರೆದವಳೂ ನಾನೇ.

ಅಲ್ಲಿಂದ ಆ ಅಂಕಿ ನನ್ನ ಕೈ ಬಿಟ್ಟು ಹೋಯಿತು,
ಇಂಜಿನಿಯರರ ಅಂದಾಜುಪಟ್ಟಿಗೆ, ಟೆಂಡರಿಗೆ,
ಗೋಣಿಕೊಪ್ಪದ ವೆಲ್ಡಿಂಗಿನವನ ಟೇಪಿಗೆ,
ಕೊನೆಗೆ ಸಿಮೆಂಟಿಗೆ.

ಕೆಲಸ ಮುಗಿದ ಸಂಜೆ ನೋಡಲು ಹೋದೆ.
ಬಣ್ಣ ಹಸಿ ಇತ್ತು, ಆದರೂ ಹಿಡಿದೇ ಹತ್ತಿದೆ,
ಅಂಗೈಯೆಲ್ಲ ಹಸಿರು.
ಒಳ್ಳೆಯ ಕೆಲಸ, ಅಲುಗಾಡುತ್ತಿರಲಿಲ್ಲ.
ಮೂವತ್ತೊಂದನೇ ಮನೆಯ ಬಾಗಿಲಲ್ಲಿ ಕಂಬಿ ಮುಗಿಯಿತು.
ಮೆಟ್ಟಿಲು ಮುಗಿಯಲಿಲ್ಲ.
ಮುಂದಿನ ಮೆಟ್ಟಿಲಿಗೆ ಕಾಲಿಟ್ಟಾಗ ಕೈ
ಇಲ್ಲದ್ದನ್ನು ಹಿಡಿಯಲು ಹೋಯಿತು.

ಕೊನೆಯ ಮನೆಯ ಜಗಲಿಯಲ್ಲಿ ಸೆರಫಿನಾ ಬಾಯಿ,
ಪಕ್ಕದಲ್ಲಿ ವಾಕರ್.
“ಪುರಸಭೆಯವಳಾ? ಅಲ್ಲಿಗೇ ದುಡ್ಡು ಮುಗಿಯಿತಾ?”
ಹೌದು ಎಂದೆ.
ಅದು ಯಾವ ನಡಾವಳಿಯಲ್ಲೂ ದಾಖಲಾಗಿಲ್ಲ.

ಮೂವತ್ತೊಂದು ಸುಹರಾಳ ನಾದಿನಿಯ ಮನೆ ಎಂದು
ನನಗೆ ಗೊತ್ತಿರಲಿಲ್ಲ.
ಓಣಿಗೆ ಗೊತ್ತಿತ್ತು.
ಮೀನು ಮಾರ್ಕೆಟ್ಟಿನಲ್ಲಿ ಅವಳನ್ನು
‘ಅರ್ಧ ಕಂಬಿ’ ಎಂದು ಕರೆಯತೊಡಗಿದರು.

ಒಂದರ ತಲೆಗೆ ಒಂದು ಅಡ್ಡಗೀಟು ಎಳೆದರೆ ಏಳು.
ಒಂದು ರಾತ್ರಿ ಪುಸ್ತಕ ಮನೆಗೆ ತಂದು
ಪೆನ್ನಿನ ಮುಚ್ಚಳವನ್ನೂ ತೆಗೆದಿದ್ದೆ.
ಆದರೆ ಕಬ್ಬಿಣಕ್ಕೆ ಗೀಟು ಎಳೆಯುವುದು ಹೇಗೆ?
ಠರಾವನ್ನು ತಿದ್ದಲು ಠರಾವೇ ಬೇಕು.
ಅದನ್ನು ಮಂಡಿಸಲು ನನಗೆ ಕುರ್ಚಿ ಇದೆ, ಬಾಯಿ ಇಲ್ಲ.

ಅವಳ ಮನೆಗೆ ಹೋಗಿ ಹೇಳಿದೆ.
ಬಹಳ ಹೊತ್ತು ಸುಮ್ಮನಿದ್ದಳು.
ಆಮೇಲೆ ಪತ್ತಿರಿಯ ತಟ್ಟೆ ನನ್ನತ್ತ ದೂಡಿ
“ಚಹಾ ಬಂದದ್ದು ನನಗೂ ನೆನಪಿದೆ” ಅಂದಳು.
ಕ್ಷಮಿಸಿದಳೋ ಇಲ್ಲವೋ ತಿಳಿಯಲಿಲ್ಲ.

ಇವತ್ತು ವಿಷಯ ಸಂಖ್ಯೆ ಒಂಬತ್ತು.
ಅಂಕಿಯಲ್ಲೂ ಅಕ್ಷರದಲ್ಲೂ ಮೂವತ್ತೇಳು.
ಕಾರಣದ ಜಾಗದಲ್ಲಿ ‘ಬರಹದ ದೋಷ’ ಎಂದು
ನಾನೇ ಟೈಪು ಮಾಡಿದ್ದೇನೆ. ಯಾರ ಬರಹ ಎಂದಿಲ್ಲ.

ಬಾಗಿಲ ಚೌಕಟ್ಟು ಹಿಡಿದು, ಸೊಂಟ ನೀವಿಕೊಳ್ಳುತ್ತ
ಪಳಂಗಪ್ಪ ಒಳಗೆ ಬರುತ್ತಿದ್ದಾರೆ.

ಇನ್ನೊಬ್ಬರು ಬೇಕು.