ಹೊರಗ ಮಲಕೊ

ಬಾ, ನೀಲಿ ಅಂಗಿಯವನ, ಇಳಿ.
ರಾತ್ರಿ ಹನ್ನೊಂದೂವರಿ. ಗಾಡಿ ಅಂಗಳಕ್ಕ ಹತ್ತೇತಿ,
ಸುಡೋ ಜಾಳಗಿ ಇನ್ನೂ ಬೆಚ್ಚಗ ಐತಿ,
ಕೋಳಿ ತೊಡಿಯ ಮಸಾಲಿ ಅದಕ್ಕ ಕಚ್ಚಿ ಕುಂತೈತಿ.
ಅದನ್ನ ಮುಂಜಾನೆ ತಿಕ್ಕಿದರಾತು.
ನಿನ್ನ ಕೆಲಸ ಮಾತ್ರ ಈಗಿಂದೀಗ.

ನಿನ್ನ ಒಗಿಯಂಗಿಲ್ಲ, ಉರುಳಸಂಗಿಲ್ಲ,
ಹೆಣದಂಗ ಅಡ್ಡ ಮಲಗಸಂಗಿಲ್ಲ.
ಎರಡೂ ಕೈಲೆ ಹಿಡದು, ಚೂರು ವಾಲಿಸಿ,
ಕೂಸಿಗೆ ಹೆಜ್ಜಿ ಕಲಿಸಿದಂಗ ನಡಸತೇನಿ.
ಬೇವಿನ ಗಿಡದ ಮಗ್ಗಲ ಕಲ್ಲಿನ ಹಾಸು,
ಮ್ಯಾಲೆ ತಗಡಿನ ನೆರಳು, ಸುತ್ತ ಬಯಲು.
ನಿಂತ ಮಲಕೊ.
ಕುದರಿ ಮಲಗತಾವಲ್ಲ, ಹಂಗ.

ಸರಪಳಿ ಹಾಕತೇನಿ, ಬೀಗ ಹಾಕತೇನಿ.
ಬೆಟಗೇರಿ ಓಣ್ಯಾಗ ಒಬ್ಬೊಬ್ಬರು ಕೇಳತಾರ:
"ರತ್ನಾಬಾಯಿ, ಮೂರು ಸಾವಿರದ ಸಾಮಾನು
ಹೊರಗ ಬಿಟ್ಟು ನಿದ್ದಿ ಹೆಂಗ ಬರತೈತಿ ನಿಮಗ?"
ಬರತೈತಿ.
ಕಳ್ಳ ಒಯ್ದರ ಮೂರು ಸಾವಿರ.
ಒಳಗಿನ ಲೆಕ್ಕ ಅವರಿಗೆ ಗೊತ್ತಿಲ್ಲ.

ಒಳಗ ಒಂದು ಕುಣಿ ಇತ್ತು.
ಅದರಾಗ ಕಾಲು ಇಳಿಬಿಟ್ಟು
ಮಾವನೋರು ನಲವತ್ತು ವರ್ಷ ಸೀರಿ ನೇಯ್ದ್ರು.
ಮಗ್ಗ ಮಾರಿದಿವಿ. ಕುಣಿ ಯಾರು ಕೊಳ್ಳತಾರ?
ಗಾಡಿ ಹಾಕಿದ ವರ್ಷ ನಮ್ಮವರು ನಿನ್ನ ಅದರಾಗ ಇಳಿಸಿ
"ನೋಡು, ಅಳತಿ ಕೊಟ್ಟು ಮಾಡಿಸಿದಂಗ ಐತಿ" ಅಂದ್ರು.
ಮ್ಯಾಲೆ ಒಂದು ಹಲಗಿ, ಅದರ ಮ್ಯಾಲೆ ಚಾದರ.

ಮನಿ ಹಿಂದ ಹೊನ್ನಗೌಡ್ರ ಉಳ್ಳಾಗಡ್ಡಿ ಗೋದಾಮು.
ಮಳಿಗಾಲದಾಗ ಚೀಲ ಕೊಳತು
ಓಣಿಗೆ ಓಣೀನ ಮೂಗು ಮುಚ್ಚತೈತಿ. ಅದು ಹೊಸಾದಲ್ಲ.
ಆ ರಾತ್ರಿ ನಾವಿಬ್ಬರೂ ಮಂಚದ ಮ್ಯಾಲೆ,
ಕುಸುಮಿ ಕೆಳಗ, ಕುಣಿ ಮಗ್ಗಲಕ, ಚಾಪಿ ಮ್ಯಾಲೆ.
"ಅವ್ವಾ, ಉಳ್ಳಾಗಡ್ಡಿ ನಾರತೈತಿ."
"ಗೋದಾಮಿಂದು. ಮಲಕೊ."
ಸ್ವಲ್ಪ ಹೊತ್ತು.
"ಅವ್ವಾ, ಗೋದಾಮು ಕಿಡಕ್ಯಾಗಿಂದ ಬರತೈತಿ.
ಇದು ನೆಲದಾಗಿಂದ."

ಇಳದು, ಬೋರಲ ಬಿದ್ದು, ಮೂಗು ನೆಲಕ ಹಚ್ಚಿದೆ.
ಹೊಗಿ ಮ್ಯಾಲೆ ಹೋಗತೈತಿ, ಅದು ನನಗ ಗೊತ್ತು;
ಒಲಿ ಮುಂದ ಬೆಳದಾಕಿ ನಾ.
ನೀ ಹೊಗಿ ಅಲ್ಲ, ನೀ ನೀರಿನ ಜಾತಿ.
ತಗ್ಗು ಹುಡುಕಿ, ಕುಣಿ ತುಂಬಿ,
ತುಳುಕಿ ಚಾಪಿ ದಂಡಿಗೆ ಬಂದಿದ್ದಿ.
ಇವರ ಕೈ ಲೈಟಿನ ಬಟನ್ ಕಡೆ ಹೋತು.
ಹೋದ ಕೈ ಹಿಡದೆ. ಹೆಂಗ ಹೊಳೀತೋ, ಇವತ್ತಿಗೂ ತಿಳಿದಿಲ್ಲ.
ಕತ್ತಲದಾಗ ಕದ ತಗದಿವಿ, ಕಿಡಕಿ ತಗದಿವಿ,
ಮಾವನೋರನ್ನ ಎಬ್ಬಿಸಿ, ಕುಸುಮಿನ ಎತಗೊಂಡು ಅಂಗಳದಾಗ ಕುಂತಿವಿ.
ಕಪ್ಪತಗುಡ್ಡದ ಕಡಿಂದ ಬಂದ ಗಾಳಿ
ಬೆಳತನಕ ಮನಿ ಕಸಾ ಹೊಡೀತು.

ವಾಶರ್ ಹರದಿತ್ತು. ಎರಡು ರೂಪಾಯಿದು.
ಬಾಯಿಗೆ ಟೊಪಿಗೀನೂ ಹಾಕಿರಲಿಲ್ಲ.
ವಾಸನಿ ನಿನ್ನದಲ್ಲಂತ, ನಿನಗ ವಾಸನೀನ ಇಲ್ಲಂತ,
ಸಿಲಿಂಡರ್ ತರೋ ಹುಡುಗ ಹೇಳಿದ;
ಯಾರೋ ತಿಳಿದವರು ಬೇಕಂತ ಬೆರಸಿರತಾರಂತ.
ಅವರ ಹೊಟ್ಟಿ ತಣ್ಣಗಿರಲಿ.

ಈಗ ಸಬಕಾರದ ನೊರಿ ಹಚ್ಚಿದೆ. ಗುಳ್ಳಿ ಇಲ್ಲ.
ಟೊಪಿಗಿ ಹಾಕಿ ದಾರ ಎಳದು ನೋಡಿದೆ.
ಖಾಲಿ ಆದ ನಿನ್ನ ತಮ್ಮನೂ ನಿನ್ನ ಮಗ್ಗಲದಾಗ ನಿಂತಾನ,
ಖಾಲಿ ಅಂದ್ರ ಪೂರಾ ಖಾಲಿ ಅಲ್ಲ, ಅವನನ್ನೂ ನಂಬಂಗಿಲ್ಲ.
ನಿಮ್ಮ ಮ್ಯಾಲೆ ನನಗ ಸಿಟ್ಟಿಲ್ಲ. ನಮಗ ಅನ್ನ ಹಾಕಾವರು ನೀವು.
ಆದರೂ ಹೊರಗ.

ಕುಣಿ ಮುಚ್ಚತೇವಿ ಅಂದಾಗ ಮಾವನೋರು
ಎರಡು ದಿನ ಮಾತಾಡಲಿಲ್ಲ.
ಮೂರನೇ ದಿನ ತಾವ ಒಂದು ಬುಟ್ಟಿ ಮಣ್ಣು ತಂದು ಸುರುವಿದ್ರು.
ಕುಸುಮಿ ಅದರ ಮ್ಯಾಲ ಚಾಪಿ ಹಾಸತಾಳ.
ಮಲಗೂಕಿಂತ ಮೊದಲ ಒಂದು ಸಲ
ಮೂಗು ನೆಲಕ ಹಚ್ಚಿ ಎಳದು ನೋಡತಾಳ:
"ಗೋದಾಮು, ಅವ್ವಾ. ಬರೇ ಗೋದಾಮು."